ಮೊದಲ ತುತ್ತು

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ತೆಂಗಿನ ತೋಟ ದಾಟಿ ಒಳಕ್ಕೆ ನಡೆದರೆ ಸಿಗುವ ಊರು ಅದು. ಚಳಿ ಶುರುವಾಗಿ, ರಾಗಿಯ ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಇಬ್ಬನಿ ಕುಡಿದು ಬಲಿಯತೊಡಗಿತೆಂದರೆ ಊರಿನ ಮೂಗುಗಳೆಲ್ಲ ಬಸಮ್ಮನ ಮನೆ ಕಡೆ ತಿರುಗುತ್ತಿದ್ದವು. ಅವರೆಕಾಯಿ ಎಲ್ಲರ ಮನೆಗೂ ಬರುತ್ತದೆ, ಸೊಗಡು ಎಲ್ಲರ ಕೈಗೂ ಅಂಟುತ್ತದೆ. ಆದರೆ ಹಿತುಕಿದ ಬೇಳೆ ಸಾರು ಅಂತ ಬಾಯಿ ತುಂಬ ಹೇಳಬೇಕಾದರೆ ಅದು ಬಸಮ್ಮನದೇ ಆಗಬೇಕು. ಉಳಿದವರು ಮಾಡಿದ್ದು ಬರೀ ಸಾರು.

ಹಾಗಂತ ಬಸಮ್ಮ ದೊಡ್ಡ ಸಾಧ್ವಿ ಅಂತ ನಾನೇನೂ ಹೇಳುವುದಿಲ್ಲ. ಹೊಗಳಿಕೆಗೆ ಪ್ರಾಣ ಬಿಡುವ ಹೆಂಗಸು. ಮದುವೆಯಾಗಲಿ ತಿಥಿಯಾಗಲಿ, ಯಾರ ಮನೆಯಲ್ಲಿ ದೊಡ್ಡ ಒಲೆ ಹೂಡಿದರೂ ಸೆರಗು ಸಿಕ್ಕಿಸಿಕೊಂಡು ಹೋಗಿ ನಿಲ್ಲುವಳು. ಮಿಕ್ಕವರ ಕೈಯ ಸೌಟು ಕಿತ್ತುಕೊಳ್ಳುವಳು. “ಇದೇನು ಸಾರಾ, ಕಲಗಚ್ಚಾ?” ಅಂತ ಮುಖಕ್ಕೆ ಹೊಡೆದ ಹಾಗೆ ಕೇಳುವಳು. ಸಾರಿಗೆ ಕುದಿ ಬರುವ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುವಳು. “ಕಣ್ ಬಿದ್ರೆ ಸಾರು ಒಡೀತದೆ, ನಡೀರವ್ವ ಆಚೆಗೆ.” ಬಾಗಿಲ ಹಿಂದೆ ಅವಳು ಅದೇನು ಹಾಕುತ್ತಾಳೆ ಅಂತ ಹೆಂಗಸರು ಅಂಗಲಾಚುತ್ತಿದ್ದರು. ಅವಳು ನಗುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆ ಅಂಗಲಾಚುವಿಕೆ ಅವಳಿಗೆ ಸಾರಿಗಿಂತ ರುಚಿಯಾಗಿತ್ತು.

ಅವಳಿಗೆ ಮಕ್ಕಳಾಗಲಿಲ್ಲ. ಅಂಥ ಹೆಂಗಸಿಗೆ ಊರು ಏನೇನು ಹೆಸರಿಡುತ್ತದೆ ಅಂತ ಎಲ್ಲರಿಗೂ ಗೊತ್ತು. ಬಸಮ್ಮನಿಗೆ ಅವೊಂದೂ ಅಂಟಿರಲಿಲ್ಲ, ಯಾಕೆಂದರೆ ಅನ್ನಬೇಕಾದ ಬಾಯಿಗಳೆಲ್ಲ ಅವಳ ಸಾರಿನಿಂದ ತುಂಬಿರುತ್ತಿದ್ದವು. ಅವಳ ಕೈರುಚಿಯೇ ಅವಳ ಹೆಸರು, ಅವಳ ಮಾನ, ಅವಳ ಸಂಸಾರ. ಅದೊಂದು ಹೋದರೆ ತಾನು ಏನೂ ಅಲ್ಲ ಅನ್ನುವುದು ಅವಳಿಗೂ ಒಳಗೊಳಗೇ ತಿಳಿದಿತ್ತು.

ಗಂಡ ಕಲ್ಲೇಶಪ್ಪ ಮಾತು ಕಮ್ಮಿಯ ಮನುಷ್ಯ. ತೋಟ, ಹೊಲ, ಎರಡು ಹಸು, ಡೈರಿ, ಇಷ್ಟೇ ಅವನ ಲೋಕ. ಮದುವೆಯಾದಾಗಿನಿಂದ ಅವನು ಮೊದಲು ಉಣ್ಣುವುದು, ಅವನು ಕೈತೊಳೆದ ಮೇಲೆ ಅವಳು ಅಡುಗೆಮನೆಯಲ್ಲಿ ಕೂತು ಉಣ್ಣುವುದು. ಅವನ ಅವ್ವನ ಕಾಲದಿಂದ ನಡೆದುಕೊಂಡು ಬಂದ ರೂಢಿ ಅದು, ಇಬ್ಬರೂ ಅದರ ಬಗ್ಗೆ ಯೋಚಿಸಿದವರಲ್ಲ. ಚೆನ್ನಾಗಿದೆ ಅಂತ ಅವನು ಒಂದು ದಿನವೂ ಅಂದದ್ದಿಲ್ಲ. “ಇನ್ನರ್ಧ ಮುದ್ದೆ ಹಾಕು” ಅಂದರೆ ಸಾರು ಚೆನ್ನಾಗಿದೆ ಅಂತ ಅರ್ಥ. ಬಸಮ್ಮನಿಗೆ ಅಷ್ಟು ಸಾಕಾಗಿತ್ತು.

ಮನೆ ಭಾಗವಾಗಿ ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತ್ತು. ಆಚೆ ಕಡೆ ಕಲ್ಲೇಶಪ್ಪನ ತಮ್ಮ ಗುರುಮೂರ್ತಿ, ಅವನ ಹೆಂಡತಿ ರಮಾ, ಮಗಳು ನಂದಿತಾ. ಭೂಮಿ ಭಾಗವಾದರೂ ಬಟ್ಟಲು ಭಾಗವಾಗಿರಲಿಲ್ಲ. ಹೊಸ ಫಸಲಿನ ಮೊದಲ ಅಡುಗೆ ಯಾವ ಮನೆಯಲ್ಲಿ ಆದರೂ ಒಂದು ಬಟ್ಟಲು ಗೋಡೆ ಹತ್ತಿ ಆಚೆ ಇಳಿಯುತ್ತಿತ್ತು. ಆ ಬಟ್ಟಲು ಬರಿದಾಗಿ ಹಿಂತಿರುಗಬಾರದು ಅಂತ ಒಂದು ಪದ್ಧತಿ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳಿಸುವರು. ನಂದಿತಾ ಅಂತೂ ಬಟ್ಟಲಿಗೂ ಕಾಯುತ್ತಿರಲಿಲ್ಲ. ಹಾಲು ಬಿಟ್ಟಾಗಿನಿಂದ ಅವಳು ದೊಡ್ಡಮ್ಮನ ಒಲೆಯ ಮುಂದೆಯೇ ಬೆಳೆದವಳು. ಹಾಸನದಲ್ಲಿ ಓದು ಮುಗಿಸಿ ಈಗ ಹಳೇಬೀಡಿನ ಒಂದು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಬೇಲೂರಿನ ಹುಡುಗ ಚೇತನ್‌ಕುಮಾರನ ಜೊತೆ ಮದುವೆ ಗೊತ್ತಾಗಿತ್ತು, ಯುಗಾದಿ ಕಳೆದ ಮೇಲೆ ಲಗ್ನ.

ಆ ವರ್ಷದ ಮೊದಲ ಅವರೆಕಾಯಿ ಬಂದ ದಿನ ನಂದಿತಾ ಸ್ಕೂಲಿನಿಂದ ನೇರ ಇಲ್ಲಿಗೇ ಬಂದಳು. ನೆನೆಸಿದ ಕಾಳನ್ನು ಇಬ್ಬರೂ ಕೂತು ಹಿತುಕಿದರು. ಹೆಬ್ಬೆರಳು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಹುಡುಗಿ ಒತ್ತಿದ್ದು ಅರ್ಧಕ್ಕರ್ಧ ಗೋಡೆಗೆ ಹೋಯಿತು.

“ನಿನ್ ಗಂಡನ ಮನೇಲಿ ಹಿಂಗ್ ಹಿತುಕಿದ್ರೆ ನನ್ ಹೆಸ್ರು ಕೆಡಿಸ್ತೀಯ ಕಣೇ.”

“ಅದಕ್ಕೇ ನಿನ್ನೂ ಕರ್ಕೊಂಡ್ ಹೋಗ್ತೀನಿ ದೊಡ್ಡಮ್ಮ. ಅವ್ರಿಗೆ ಹೇಳಿದೀನಿ, ಮದ್ವೆ ಅಡುಗೆ ನಮ್ ದೊಡ್ಡಮ್ಮಂದೇ ಅಂತ.”

ಬಸಮ್ಮನಿಗೆ ಆ ಮಾತಿನಿಂದ ಆದ ಹಿಗ್ಗು ಹೇಳತೀರದು. ತುಪ್ಪ ಧಾರಾಳವಾಗಿ ಸುರಿದಳು. ಹುಡುಗಿ ಬೇಡವೆಂದರೂ ಕೇಳದೆ ಬಡಿಸಿದಳು. ನಂದಿತಾ ತಟ್ಟೆ ನೆಕ್ಕುವ ಹಾಗೆ ಉಂಡು ಗೋಡೆ ಸುತ್ತಿ ಮನೆಗೆ ಹೋದಳು.

ಬೆಳಗಿನ ಜಾವಕ್ಕೆ ಹೊಟ್ಟೆನೋವು ಶುರುವಾಯಿತು. ಬಲಪಕ್ಕೆಯಲ್ಲಿ ಹಿಡಿದುಕೊಂಡು ಬೆನ್ನಿಗೆ ಇಳಿಯುವ ನೋವು, ವಾಂತಿ. ಜಾವಗಲ್ಲಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ ಅಂದರು, ಮಾತ್ರೆ ಕೊಟ್ಟರು. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಬಂತು. ಉಂಡದ್ದು ನಿಲ್ಲಲಿಲ್ಲ. ಹುಡುಗಿ ಕಣ್ಣೆದುರೇ ಇಳಿಯತೊಡಗಿದಳು. ಮದುವೆ ಗೊತ್ತಾದ ಹುಡುಗಿ ಹೀಗೆ ಸೊರಗಿದರೆ ತಾಯಿಯ ಎದೆ ಏನಾಗಬೇಕು? ರಮಾಳನ್ನು ಅಷ್ಟರ ಮಟ್ಟಿಗೆ ನಾನು ಬೈಯಲಾರೆ.

ಬೈಯಬೇಕಾದದ್ದು ಹುಚ್ಚಮ್ಮನನ್ನು. ಎದುರು ಮನೆಯ ಮುದುಕಿ, ಬಾಯಲ್ಲಿ ಒಂದೂ ಹಲ್ಲಿಲ್ಲ, ನಾಲಿಗೆಗೆ ಎಲುಬೂ ಇಲ್ಲ. ಹುಡುಗಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, ಉಗುರು ನೋಡಿ, “ಇದು ಮದ್ದು ಕಣವ್ವ” ಅಂದುಬಿಟ್ಟಳು.

ಆ ಸೀಮೆಯಲ್ಲಿ ಮದ್ದು ಹಾಕುವುದು ಅನ್ನುವ ಮಾತು ಇವತ್ತಿನದಲ್ಲ. ಹೊಟ್ಟೆಕಿಚ್ಚಿನವರು ಊಟದಲ್ಲಿ ಏನೋ ಬೆರೆಸಿ ಇಕ್ಕುತ್ತಾರಂತೆ. ತಿಂದವರ ಹೊಟ್ಟೆಯಲ್ಲಿ ಅದು ಅಂಟಿ ಕೂತು ದಿನೇ ದಿನೇ ಮೈ ಒಣಗಿಸುತ್ತದಂತೆ. ಡಾಕ್ಟರ ಕಣ್ಣಿಗೆ ಕಾಣುವುದಿಲ್ಲವಂತೆ. ತೆಗೆಯುವವರೇ ಬೇರೆ ಇದ್ದಾರೆ, ಕುಡಿಸಿ ವಾಂತಿ ಮಾಡಿಸಿ ತೆಗೆಯುತ್ತಾರೆ. ಕೈಯಲ್ಲಿ ಮೊಬೈಲು ಹಿಡಿದು ಜಗತ್ತಿನ ಸುದ್ದಿಯನ್ನೆಲ್ಲ ನೋಡುವ ಜನವೂ ಹೊಟ್ಟೆ ನುಲಿದಾಗ ಈ ಮಾತಿಗೇ ಬಂದು ನಿಲ್ಲುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ.

ರಮಾ ಮತ್ತು ಗುರುಮೂರ್ತಿ ಮಗಳನ್ನು ಅರೇಹಳ್ಳಿಯಿಂದಾಚೆ ಒಂದು ಊರಿಗೆ ಕರೆದುಕೊಂಡು ಹೋದರು. ಜೊತೆಗೆ ಹುಚ್ಚಮ್ಮನೂ ಹೋದಳು. ಅಲ್ಲಿನ ಮನುಷ್ಯ ಮಜ್ಜಿಗೆಯಲ್ಲಿ ಏನೋ ಕದಡಿ ಕುಡಿಸಿದ. ಹುಡುಗಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದಳು. ಅದರೊಳಗೆ ಕಡ್ಡಿ ಆಡಿಸಿ ಕಪ್ಪನೆಯ ಉಂಡೆಯೊಂದನ್ನು ಎತ್ತಿ ತೋರಿಸಿದನಂತೆ. ಯಾರು ಹಾಕಿದ್ದು ಅಂತ ಕೇಳಿದ್ದಕ್ಕೆ ಹೆಸರು ಹೇಳಲಿಲ್ಲ, ಅಂಥವರು ಯಾವತ್ತೂ ಹೇಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ದೂರದವ್ರಲ್ಲ. ಹೆಂಗಸು. ಮಡಿಲು ತುಂಬ್ದೇ ಇರೋಳು. ಹಸಿರು ಪದಾರ್ಥದಲ್ಲಿ ಬಂದೈತೆ” ಅಂದ. ಅವರೆಕಾಯಿ ಕಾಲದಲ್ಲಿ ಯಾರ ಮನೆಯಲ್ಲಿ ಹಸಿರು ಪದಾರ್ಥ ಬೇಯುವುದಿಲ್ಲ? ಅದನ್ನು ಕೇಳುವ ಬುದ್ಧಿ ಅಲ್ಲಿ ಯಾರಿಗೂ ಬರಲಿಲ್ಲ.

ಬಸಮ್ಮನಿಗೆ ಇದೊಂದೂ ತಿಳಿದಿರಲಿಲ್ಲ. ಹುಡುಗಿಗೆ ಬಾಯಿ ಕೆಟ್ಟಿರುತ್ತದೆ ಅಂತ ಎಳೆ ಅವರೆಕಾಳು, ಸಬ್ಬಸಿಗೆ ಸೊಪ್ಪು ಹಾಕಿ ತೆಳ್ಳಗೆ ಬಸ್ಸಾರು ಮಾಡಿ ಬಟ್ಟಲನ್ನು ಗೋಡೆಯ ಮೇಲಿಟ್ಟು ಕೂಗಿದಳು. ಯಾರೂ ಬರಲಿಲ್ಲ. ಹಸುಗಳಿಗೆ ನೀರಿಟ್ಟು ಬಂದು ನೋಡಿದರೆ ಬಟ್ಟಲು ಅಲ್ಲೇ ಇತ್ತು. ಸಂಜೆಗೂ ಅಲ್ಲೇ ಇತ್ತು. ಸಾರಿನ ಮೇಲೆ ಕೆನೆ ಕಟ್ಟಿ ಒಂದು ನೊಣ ಬಿದ್ದಿತ್ತು. ಗೋಡೆಯಾಚೆ ರಮಾ ಅಂಗಳ ಗುಡಿಸುತ್ತಿದ್ದಳು.

“ರಮಾ, ಬಟ್ಲು ಇಟ್ಟಿದ್ನಲ್ಲೇ?”

ರಮಾ ತಲೆ ಎತ್ತಲಿಲ್ಲ. “ಇನ್ಮೇಲೆ ಏನೂ ಇಡ್ಬೇಡ ಕಣಕ್ಕ. ಇಟ್ಟಿದ್ದೇ ಸಾಕು.”

ಮಿಕ್ಕದ್ದನ್ನು ಹುಚ್ಚಮ್ಮನೇ ಬಂದು, ಅಯ್ಯೋ ಪಾಪ ಅನ್ನುತ್ತಲೇ, ಒಂದೂ ಬಿಡದೆ ಹೇಳಿಹೋದಳು.

ಆ ಸಂಜೆ ಬಸಮ್ಮ ಒಲೆ ಹಚ್ಚಲಿಲ್ಲ. ಕಲ್ಲೇಶಪ್ಪ ಡೈರಿಯಿಂದ ಬಂದು ಕ್ಯಾನು ಇಳಿಸಿ ನಿಂತ. ಅವನಿಗೂ ಸುದ್ದಿ ಮುಟ್ಟಿತ್ತು, ಡೈರಿಗಿಂತ ದೊಡ್ಡ ಸುದ್ದಿಮನೆ ಯಾವುದಿದೆ?

“ನೋಡಿದ್ರಾ, ಏನಂದ್ರು ನೋಡಿದ್ರಾ ನನ್ನ. ನಂದಿತಂಗೆ ನಾನು ಮದ್ದು ಹಾಕ್ತೀನಾ? ನಾನು?”

“ಊರ ಬಾಯಿಗೆ ಬೀಗ ಹಾಕಾಕಾಗ್ತದಾ? ಬಿಡು” ಅಂದ ಕಲ್ಲೇಶಪ್ಪ. ಕ್ಯಾನನ್ನು ಮೂಲೆಗೆ ಸರಿಸಿ, “ಏನಾದ್ರೂ ಬೇಯ್ಸು. ನೀನೂ ತಟ್ಟೆ ಹಾಕ್ಕೊ. ಒಟ್ಟಿಗೆ ಉಣ್ಣಾನ” ಅಂದ.

ಬಸಮ್ಮ ಅತ್ತದ್ದು ಆಗ. ಊರು ಅಂದ ಮಾತಿಗೆ ಅಳದವಳು ಗಂಡ ಒಟ್ಟಿಗೆ ಉಣ್ಣೋಣ ಅಂದದ್ದಕ್ಕೆ ಅತ್ತಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹಾಗೆ ಕರೆದದ್ದೇ ಇಲ್ಲ. ಅವತ್ತು ಇಬ್ಬರೂ ಎದುರುಬದುರು ಕೂತು ಉಂಡರು. ಮಾರನೇ ದಿನವೂ ಅವನು “ನೀನೂ ಬಾ” ಅಂದ. ಆಮೇಲೆ ಅದೇ ರೂಢಿಯಾಯಿತು. ಲೋಕವೆಲ್ಲ ಬಾಗಿಲು ಹಾಕಿಕೊಂಡರೂ ಇವರೊಬ್ಬರು ಇದ್ದಾರಲ್ಲ ಅಂತ ಬಸಮ್ಮ ಆ ಎರಡು ತಟ್ಟೆಗಳನ್ನು ನೋಡಿಕೊಂಡೇ ಆ ಚಳಿಗಾಲ ಕಳೆದಳು.

ಆದರೆ ಸುಮ್ಮನೆ ಕೂರುವ ಜಾತಿಯವಳಲ್ಲ ಅವಳು. ತನ್ನ ಗುಟ್ಟೇ ತನಗೆ ಮುಳುವಾಯಿತು, ಬಾಗಿಲು ಹಾಕಿಕೊಂಡದ್ದಕ್ಕೇ ಜನ ಹೀಗಂದದ್ದು ಅಂತ ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ಗೋಡೆ ಸುತ್ತಿ ರಮಾಳ ಮನೆಗೆ ಹೋದಳು. ನಡುಮನೆಯಲ್ಲಿ ನಂದಿತಾ ಗೋಡೆ ಕಡೆ ತಿರುಗಿ ಮಲಗಿದ್ದಳು. ಹುಚ್ಚಮ್ಮನೂ ಇನ್ನಿಬ್ಬರು ಹೆಂಗಸರೂ ಕೂತಿದ್ದರು.

“ಎಲ್ರೂ ಕೇಳ್ರವ್ವ. ನಾನು ಹಾಕೋದು ಏನು ಅಂತ ಹೇಳ್ಬಿಡ್ತೀನಿ. ಅವರೆಕಾಯಿ ಸುಲಿದ್ ಮೇಲೆ ಎಳೇ ಸಿಪ್ಪೆ ಉಳೀತದಲ್ಲ, ಅದ್ನ ತೊಳ್ದು ಬೇಯಿಸಿ ಸೋಸಿ ಆ ನೀರು ಸಾರಿಗೆ ಹಾಕ್ತೀನಿ. ಸೊಗಡೆಲ್ಲ ಸಿಪ್ಪೇಲೇ ಇರೋದು. ಅಷ್ಟೇ ಕಣ್ರವ್ವ. ನಮ್ಮವ್ವ ಕಲಿಸಿದ್ದು. ನೀವು ನಗ್ತೀರ ಅಂತ ಹೇಳ್ತಿರ್ಲಿಲ್ಲ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ರಮಾಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

“ಸಿಪ್ಪೆನಾ? ದನಕ್ಕೆ ಹಾಕೋ ಸಿಪ್ಪೆ ಬೇಯಿಸಿ ನನ್ ಮಗಳಿಗೆ ಕುಡಿಸ್ದ್ಯಾ?”

“ಎಳೇದು ಕಣೇ, ತೊಳ್ದು...”

“ನಿನಗೊಂದು ಮಗು ಇದ್ದಿದ್ರೆ ಅದಕ್ಕೆ ಕುಡಿಸ್ತಿದ್ದ್ಯಾ ಅಕ್ಕ?”

ಹುಚ್ಚಮ್ಮ ಗಲ್ಲಕ್ಕೆ ಕೈಯಿಟ್ಟು, “ಕೇಳ್ದೇ ಬಂದು ಹೇಳ್ತವ್ಳೆ ಅಂದ್ರೆ ಇನ್ನೂ ಏನೇನೈತೋ” ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಬಸಮ್ಮನ ಪಾಡು. ಅವಳು ಬಾಗಿಲು ದಾಟುವಾಗ ನಂದಿತಾ ಒಮ್ಮೆ ಈ ಕಡೆ ಹೊರಳಿದಳು. ಏನೋ ಹೇಳುವಳು ಅಂತ ಬಸಮ್ಮ ನಿಂತಳು. ನಂದಿತಾ ಕಣ್ಣು ಮುಚ್ಚಿಕೊಂಡಳು.

ಸಂಕ್ರಾಂತಿಗೆ ಇನ್ನೊಂದು ಹುಚ್ಚು ಸಾಹಸ ಮಾಡಿದಳು. ಹಬ್ಬದ ದಿನ ಎಳ್ಳು ಬೀರಲು ಹೆಂಗಸರು ಮನೆಮನೆಗೂ ಬರಲೇಬೇಕಲ್ಲ. ಬೆಳಿಗ್ಗೆಯೇ ಅಂಗಳದ ನಡುವೆ ಕಲ್ಲು ಹೂಡಿ ಒಲೆ ಹಚ್ಚಿದಳು. ಎಲ್ಲರ ಕಣ್ಣೆದುರಿಗೇ ಕಾಯಿ ಸುಲಿದಳು, ಕಾಯಿತುರಿ, ಕೊತ್ತಂಬರಿ, ಬೆಳ್ಳುಳ್ಳಿ, ಚಕ್ಕೆ ಲವಂಗ ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ತೋರಿಸಿ ರುಬ್ಬಿದಳು. ಸಿಪ್ಪೆ ಮಾತ್ರ ದನದ ಕಲಗಚ್ಚಿನ ಬಾನಿಗೆ ಹಾಕಿದಳು. ಎಳ್ಳು ಬೀರಲು ಬಂದವರು ಜಗಲಿಯ ಮೇಲೆ ಕೂತು ನೋಡಿದರು. ಜಾತ್ರೆಯಲ್ಲಿ ದೊಂಬರಾಟ ನೋಡುವ ಹಾಗೆ ನೋಡಿದರು. ಸಾರು ಕುದಿದು ಘಮ ಎದ್ದಾಗ ಒಬ್ಬಿಬ್ಬರ ಗಂಟಲು ಆಡಿದ್ದನ್ನು ಬಸಮ್ಮ ಕಂಡಳು, ಅವಳಿಗೆ ಆಸೆ ಹುಟ್ಟಿತು. ಬಾಳೆಲೆ ಹಾಸಿ ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟಳು.

“ಅಯ್ಯೋ, ಇವತ್ತು ನಂದು ಒಪ್ಪತ್ತು ಕಣಕ್ಕ.”

“ನಾನು ಈಗ ತಾನೇ ಹುಗ್ಗಿ ತಿಂದ್ ಬಂದೆ, ಹೊಟ್ಟೇಲಿ ಜಾಗ ಇಲ್ಲ.”

“ಹಲ್ಲು ನೋವು ಕಣವ್ವ” ಅಂದಳು ಹುಚ್ಚಮ್ಮ. ಯಾವ ಹಲ್ಲು ಅಂತ ದೇವರಿಗೇ ಗೊತ್ತು.

ಎಳ್ಳಿನ ಪೊಟ್ಟಣಗಳನ್ನು ಇವಳ ಮಡಿಲಿಗೆ ಹಾಕಿ, ಇವಳು ಕೊಟ್ಟ ಎಳ್ಳನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿನಲ್ಲಿ ಕಟ್ಟಿಕೊಂಡು ಎದ್ದುಹೋದರು. ಆ ಎಳ್ಳೂ ತಿಪ್ಪೆ ಸೇರಿತೆಂದು ಹೇಳಲು ಶಾಸ್ತ್ರ ಕೇಳಬೇಕಾಗಿಲ್ಲ. ಬಸಮ್ಮ ಎಲೆಗಳ ಮುಂದೆ ಒಬ್ಬಳೇ ಕೂತಿದ್ದಳು. ಅವಮಾನಕ್ಕಿಂತ ಹೆಚ್ಚಾಗಿ ಅವಳಿಗೆ ಕೋಪ ಬಂದಿತ್ತು. ಅಷ್ಟು ವರ್ಷ ಇವರ ಹೊಟ್ಟೆಗೆ ಇಕ್ಕಿದ ಒಂದೊಂದು ಸೌಟು ಸಾರನ್ನೂ ವಾಪಸ್ ಕಕ್ಕಿಸಬೇಕು ಅನ್ನಿಸಿತು. ಮಧ್ಯಾಹ್ನ ಕಲ್ಲೇಶಪ್ಪ ತೋಟದಿಂದ ಬಂದು, ಏನಾಯಿತೆಂದು ಕೇಳದೆ, ಎರಡು ಎಲೆ ಎಳೆದು, “ಬಾ, ಕೂತ್ಕೊ” ಅಂದ. ಅವಳ ಕೋಪ ಅಲ್ಲಿಗೇ ಇಳಿಯಿತು.

ಮಾಘ ಮಾಸದಲ್ಲಿ ಒಂದು ದಿನ ನಂದಿತಾ ಸ್ಕೂಲಿನಲ್ಲಿಯೇ ಕುಸಿದುಬಿದ್ದಳು. ಚೇತನ್‌ಕುಮಾರ್ ಬೇಲೂರಿನಿಂದ ಕಾರು ತಂದು, ರಮಾ ಏನೆಂದರೂ ಕೇಳದೆ ಸೀದಾ ಹಾಸನದ ಆಸ್ಪತ್ರೆಗೆ ಸೇರಿಸಿದ. ಸ್ಕ್ಯಾನಿಂಗ್ ಮಾಡಿದರು. ಪಿತ್ತಕೋಶದ ತುಂಬ ಕಲ್ಲು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂಡಿದ ಕಲ್ಲು, ಜಿಡ್ಡು ತಿಂದಾಗ ನೋವು ಕೆರಳುವುದು ಅಂದರು ಡಾಕ್ಟರು. ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ತೆಗೆದರು. ಹುಡುಗಿ ಉಳಿದಳು.

ಸುದ್ದಿ ಕೇಳಿದ ಬಸಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಹುಡುಗಿ ಉಳಿದಳೆಂಬ ಸಂತೋಷ ಮೊದಲು, ತಾನು ಉಳಿದೆನೆಂಬುದು ಆಮೇಲೆ. ಸುಳ್ಳು ಹೇಳುವುದೇಕೆ, ಎರಡೂ ಒಟ್ಟಿಗೇ ಬಂದವು. ಇನ್ನು ರಮಾ ಬರುತ್ತಾಳೆ, ಗೋಡೆಯ ಮೇಲೆ ಬಟ್ಟಲು ಇಡುತ್ತಾಳೆ, ಅತ್ತು ತಪ್ಪಾಯಿತು ಅನ್ನುತ್ತಾಳೆ, ತಾನು ಸ್ವಲ್ಪ ಬಿಗುಮಾನ ಮಾಡಿ ಆಮೇಲೆ ಕ್ಷಮಿಸಬೇಕು ಅಂತೆಲ್ಲ ಬಸಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಗುರುಮೂರ್ತಿ ಆಸ್ಪತ್ರೆಯಿಂದ ಬರುವಾಗ ಆ ಕಲ್ಲುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಿದ್ದ. ಊರೆಲ್ಲ ಬಂದು ಡಬ್ಬಿ ಅಲ್ಲಾಡಿಸಿ ನೋಡಿತು. ಹಸಿರುಗಪ್ಪು ಬಣ್ಣ, ಒಂದೊಂದೂ ಕಾಳಿನಷ್ಟು ಗಾತ್ರ.

“ನೋಡ್ರವ್ವ” ಅಂದಳು ಹುಚ್ಚಮ್ಮ, “ಅವರೆಕಾಳಿದ್ದಂಗೇ ಐತೆ.”

“ಮದ್ದು ಹೊಟ್ಟೇಲಿ ಬಾಳ ದಿನ ಕೂತ್ರೆ ಕಲ್ಲಾಗ್ತದಂತೆ” ಅಂದರು ಯಾರೋ.

ಅರೇಹಳ್ಳಿ ಕಡೆಯ ಆ ಮನುಷ್ಯ ಕೂಡ, ಅರ್ಧ ತಾನು ತೆಗೆದಿದ್ದೆ, ಬೇರು ಇಳಿದಿದ್ದ ಉಳಿದರ್ಧವನ್ನು ಡಾಕ್ಟರು ತೆಗೆದರು ಅಂತ ಫೋನಿನಲ್ಲಿ ಹೇಳಿದನಂತೆ. ಅಲ್ಲಿಗೆ ಡಾಕ್ಟರೂ ಮದ್ದು ತೆಗೆಯುವವರ ಸಾಲಿಗೆ ಸೇರಿದರು. ಬಸಮ್ಮನ ಪಾಲಿಗೆ ಸಾಕ್ಷಿ ಹೇಳಬೇಕಾಗಿದ್ದ ಕಲ್ಲುಗಳು ಎದುರು ಪಾರ್ಟಿಗೆ ಸಾಕ್ಷಿ ಹೇಳಿದವು. ರಮಾ ಬರಲಿಲ್ಲ, ಬಟ್ಟಲೂ ಬರಲಿಲ್ಲ. ಮದುವೆ ಅಡುಗೆಗೆ ಅರಸೀಕೆರೆಯ ಕೇಟರಿಂಗಿನವರನ್ನು ಹಿಡಿದರು ಅನ್ನುವ ಸುದ್ದಿ ಮಾತ್ರ ಗೋಡೆ ಹಾರಿ ಬಂತು.

ಅವರೆಯ ಕಾಲ ಮುಗಿಯಿತು. ಯುಗಾದಿ ಕಳೆಯಿತು. ರಸ್ತೆಬದಿಯ ಹುಣಸೆಮರಗಳು ಕೆಂಪಗೆ ಚಿಗುರಿದವು. ಮದುವೆಗೆ ಇನ್ನು ಕೆಲವೇ ದಿನ ಇರುವಾಗ ಒಂದು ಮಧ್ಯಾಹ್ನ ನಂದಿತಾ ತಾನೇ ಬಂದಳು, ಕೈಯಲ್ಲಿ ಲಗ್ನಪತ್ರಿಕೆ ಮತ್ತು ಕುಂಕುಮದ ಬಟ್ಟಲು. ಮೈ ಮತ್ತೆ ತುಂಬಿಕೊಂಡಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಬಸಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

“ನಂಗೆ ಅದ್ರಲ್ಲೆಲ್ಲ ನಂಬಿಕೆ ಇಲ್ಲ ದೊಡ್ಡಮ್ಮ. ಅವಾಗ್ಲೂ ಇರ್ಲಿಲ್ಲ. ಮಾತಾಡೋ ಶಕ್ತಿ ಇರ್ಲಿಲ್ಲ ಅಷ್ಟೇ.”

“ಗೊತ್ತು ಕಣೇ, ನಂಗ್ ಗೊತ್ತು. ಕೂತ್ಕೊ. ಎರಡು ತುತ್ತು ಉಂಡೇ ಹೋಗ್ಬೇಕು.”

ಅವತ್ತು ಹುಣಸೆ ಚಿಗುರಿನ ಸಾರು ಮಾಡಿದ್ದಳು. ಬೆಳಿಗ್ಗೆ ತಾನೇ ಕೊಯ್ದು ತಂದ ಚಿಗುರು, ತೊಗರಿಬೇಳೆ, ಹಸಿಮೆಣಸು, ಎಣ್ಣೆ ತೀರಾ ಕಮ್ಮಿ. ಹುಡುಗಿಯ ಹೊಟ್ಟೆಗೆ ಏನೂ ಆಗದು. ತಟ್ಟೆ ತೊಳೆದು ಮುದ್ದೆ ಇಟ್ಟು ಸಾರು ಬಿಟ್ಟು ಎದುರಿಗೆ ಕೂತಳು. ನಂದಿತಾ ತಟ್ಟೆಯನ್ನು ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ದೊಡ್ಡಮ್ಮ, ಬೇಜಾರ್ ಮಾಡ್ಕೋಬೇಡ. ಅಮ್ಮ ತಲೆ ಮೇಲೆ ಕೈ ಇಡಿಸ್ಕೊಂಡ್ ಆಣೆ ಹಾಕ್ಸವ್ಳೆ. ಇಲ್ಲಿ ಏನು ತಿಂದ್ರೂ... ನೀನು ಮೊದ್ಲು ಒಂದ್ ತುತ್ತು ತಿನ್ಬೇಕಂತೆ. ನನ್ ಮುಂದೆ. ಮದ್ವೆ ಟೈಮು, ಅಮ್ಮಂಗೆ ಎದುರಾಡೋಕೆ ಆಗ್ಲಿಲ್ಲ.”

ಬಸಮ್ಮ ಮುಂದಕ್ಕೆ ಬಾಗಿದಳು. ಅದೇ ತಟ್ಟೆಯ ಅಂಚಿನಿಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಆಮೇಲೆ ನಂದಿತಾ ಉಂಡಳು. ತಲೆ ತಗ್ಗಿಸಿಕೊಂಡು ಗಬಗಬ ಉಂಡು, “ಚೆನ್ನಾಗಿತ್ತು ದೊಡ್ಡಮ್ಮ” ಅಂದು, ಕುಂಕುಮ ಇಟ್ಟು, ಕಾಲಿಗೆರಗಿ ಹೊರಟಳು. ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹುಡುಗಿ. ನಂಬಿಕೆ ಇಲ್ಲದವಳೂ ಆಣೆ ಮೀರಲಿಲ್ಲ.

ತಟ್ಟೆ ತೊಳೆಯುತ್ತಾ ಕೂತಿದ್ದ ಬಸಮ್ಮನ ಕೈ ನಡುವೆಯೇ ನಿಂತಿತು. ಮೊದಲು ಒಂದು ತುತ್ತು. ನನ್ನ ಮುಂದೆ. ಅವಳ ಕಣ್ಣಮುಂದೆ ಬಂದದ್ದು ನಂದಿತಾಳ ತಟ್ಟೆಯಲ್ಲ. ಚಳಿಗಾಲದಿಂದ ದಿನವೂ ಎದುರುಬದುರು ಇಟ್ಟ ಆ ಎರಡು ತಟ್ಟೆಗಳು. ಛೆ, ಹಾಗಿರಲಾರದು ಅಂದುಕೊಂಡಳು. ಹಾಗಂದುಕೊಂಡು ಅದೇ ತಟ್ಟೆಯನ್ನು ಎರಡು ಸಲ ತೊಳೆದಳು. ಅವನು ಯಾವತ್ತಾದರೂ ತನಗಿಂತ ಮೊದಲು ಬಾಯಿಗಿಟ್ಟದ್ದುಂಟೇ ಅಂತ ನೆನಪು ಮಾಡಿಕೊಳ್ಳಲು ನೋಡಿದಳು. ನೀರು ಕುಡಿದದ್ದು ನೆನಪಾಯಿತು. ಉಪ್ಪಿನ ಡಬ್ಬಿ ಎಳೆದುಕೊಂಡದ್ದು ನೆನಪಾಯಿತು. ಅಂಗಿಯ ತೋಳು ಮಡಿಸಿಕೊಂಡದ್ದು, ನೊಣ ಓಡಿಸಿದ್ದು, ಮುದ್ದೆಯನ್ನು ಸುಮ್ಮನೆ ಆ ಕಡೆ ಈ ಕಡೆ ಹೊರಳಿಸಿದ್ದು ನೆನಪಾಯಿತು. ಉಂಡದ್ದು ನೆನಪಾಗಲಿಲ್ಲ.

ಸಂಜೆ ಕಲ್ಲೇಶಪ್ಪ ಡೈರಿಯಿಂದ ಬಂದ. ಕೈಕಾಲು ತೊಳೆದು ಕೂತ. ಬಸಮ್ಮ ಅವನಿಗೆ ಮುದ್ದೆ ಇಟ್ಟು ಹುಣಸೆ ಚಿಗುರಿನ ಸಾರು ಬಿಟ್ಟಳು.

“ನೀನೂ ಹಾಕ್ಕೊ” ಅಂದ.

ಹಾಕಿಕೊಂಡಳು. ಎದುರಿಗೆ ಕೂತಳು. ಆದರೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

ಕಲ್ಲೇಶಪ್ಪ ಮುದ್ದೆಯ ಅಂಚು ಮುಟ್ಟಿದ. ಬಿಸಿ ಅನ್ನುವ ಹಾಗೆ ಕೈ ತೆಗೆದ. ನೀರು ಕುಡಿದ. ಹಾಲಿಗೆ ಈ ಸಲ ರೇಟು ಇಳಿಸುತ್ತಾರಂತೆ ಅಂದ. ಅವಳು ಹೂಂ ಅಂದಳು. ಉಪ್ಪಿನ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ದೂರ ತಳ್ಳಿದ. ಹೊರಗೆ ಹಸು ಒಮ್ಮೆ ಕೂಗಿತು, ಅದರ ಕಡೆ ಕಿವಿ ಕೊಟ್ಟವನ ಹಾಗೆ ಕೂತ. ಮುದ್ದೆಯ ಹಬೆ ನಿಂತಿತು. ಸಾರಿನ ಮೇಲೆ ತೆಳ್ಳಗೆ ಪೊರೆ ಕಟ್ಟತೊಡಗಿತು, ಗೋಡೆಯ ಮೇಲಿನ ಬಟ್ಟಲಿಗೆ ಕಟ್ಟಿದ ಹಾಗೆ.

“ಉಣ್ಣಲ್ವಾ?” ಅಂದ ಕೊನೆಗೆ.

“ನೀವು ಉಣ್ಣಿ.”

“ನೀನು ಉಣ್ಣು, ಉಣ್ತೀನಿ.”

ಅವನ ದನಿಯಲ್ಲಿ ಕೋಪವಿರಲಿಲ್ಲ, ಸಂಕೋಚವೂ ಇರಲಿಲ್ಲ. ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಹಾಕುವಷ್ಟು ಸಹಜವಾಗಿ ಅದನ್ನು ಅಂದ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಊರು ಉಗಿದದ್ದನ್ನು ಒರೆಸಿಕೊಂಡಿದ್ದಳು, ರಮಾ ಅಂದದ್ದನ್ನು ನುಂಗಿದ್ದಳು, ಆ ಎರಡು ತಟ್ಟೆಗಳ ಬಲದಿಂದ. ಆ ಬಲವೂ ಸುಳ್ಳಾಗಿತ್ತು. ತಟ್ಟೆ ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಎಸೆದರೆ ಅದಕ್ಕೂ ಊರು ಒಂದು ಅರ್ಥ ಹಚ್ಚುತ್ತದೆ.

ಅವಳು ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ಅವನ ಮುಖವನ್ನೇ ನೋಡುತ್ತಾ ನುಂಗಿದಳು. ಅವನು ಅವಳ ಗಂಟಲನ್ನು ನೋಡಿದ. ಆಮೇಲೆ ತೋಳು ಮೇಲಕ್ಕೆ ಎಳೆದುಕೊಂಡು ಉಣ್ಣಲು ಶುರುಮಾಡಿದ. ಹಸಿದಿದ್ದ, ಬೇಗ ಬೇಗ ಉಂಡ.

“ಇನ್ನರ್ಧ ಮುದ್ದೆ ಹಾಕು” ಅಂದ.

ಬಸಮ್ಮ ಹಾಕಿದಳು, ಸಾರು ಬಿಟ್ಟಳು. ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಎದ್ದಳು.

“ಯಾಕೆ, ಕೂತ್ಕೊ. ಒಟ್ಟಿಗೆ ಉಣ್ಣಾನ.”

“ಉಣ್ಣಿ” ಅಂದಳು ಬಸಮ್ಮ. “ನಾನು ನುಂಗಿದ್ದು ನೋಡಿದ್ರಲ್ಲ.”

ಕಲ್ಲೇಶಪ್ಪ ತಲೆ ಎತ್ತಲಿಲ್ಲ. ಮುದ್ದೆ ಮುರಿಯುವುದನ್ನೂ ನಿಲ್ಲಿಸಲಿಲ್ಲ.